ಗೇರುಹಣ್ಣು ಕೊಯ್ಯುವ ದಿನ ಯಾರು ಹೇಳಬೇಕು

ಕೋಟದಾಕೆ ಬಂದ ದಿನವೇ ನನಗೆ ಅವಳು ಹಿಡಿಸಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದ್ದರೆ ನೂರು ಕಾರಣ ಕೊಡುತ್ತಿದ್ದೆ. ಮಾತು ಜಾಸ್ತಿ, ನಗು ಜಾಸ್ತಿ, ನಡುನಡುವೆ ನಾಸಿಕದ ಮರಾಠಿ ಬೇರೆ. ಅದೆಲ್ಲ ಬರೀ ನೆಪ. ನನ್ನನ್ನು ಇಷ್ಟು ವರ್ಷ ‘ಮೇಡಂ’ ಎಂದೇ ಕರೆದ ಧಣಿಗಳು ಅವಳನ್ನು ಮೊದಲ ದಿನವೇ ‘ಮಗಾ’ ಎಂದರು. ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಅಲ್ಲಿಂದ.

ನಾನಿರುವುದು ಕುಂದಾಪುರದ ಹೊರಗೆ, ಗೇರುಹಣ್ಣಿನ ರಸ ತೆಗೆದು ಶರಬತ್ತು ಮಾಡುವ ಒಂದು ಸಣ್ಣ ಘಟಕದಲ್ಲಿ. ಹಣ್ಣು ಬರುವುದು ಬೈಂದೂರು ಕಡೆಯ ಮುರಕಲ್ಲು ಗುಡ್ಡದಿಂದ. ಆ ಗುಡ್ಡದ ಗೇರು ತೋಟವೂ ನಮ್ಮ ಧಣಿಗಳದ್ದೇ. ಹಣ್ಣು ಪರೀಕ್ಷಿಸುವುದು ನನ್ನ ಕೆಲಸ. ಸಕ್ಕರೆ ಎಷ್ಟಿದೆ, ಹುಳಿ ಎಷ್ಟಿದೆ, ಚೊಗರು ಎಷ್ಟಿದೆ ಎಂದು ನೋಡಿ, “ನಾಳೆ ಕೊಯ್ಯಿ” ಎಂದು ನಾನು ಹೇಳಿದ ಮೇಲೆಯೇ ಗುಡ್ಡದಲ್ಲಿ ಕೊಯ್ಲು. ಸಂಬಳಕ್ಕಿಂತ ಆ ಒಂದು ಮಾತೇ ನನಗೆ ದೊಡ್ಡದಾಗಿತ್ತು. ಸುಳ್ಳು ಯಾಕೆ ಹೇಳಲಿ?

ಗೇರುಹಣ್ಣು ತಿಂದವರಿಗೆ ಅದರ ರಗಳೆ ಗೊತ್ತು. ಒಂದು ದಿನ ಮೊದಲು ಕೊಯ್ದರೆ ಚೊಗರು ಗಂಟಲು ಹಿಡಿಯುತ್ತದೆ. ಒಂದು ದಿನ ತಡವಾದರೆ ಹಣ್ಣು ತಾನಾಗಿಯೇ ಬೀಳುತ್ತದೆ, ಬಿದ್ದದ್ದು ಒಡೆಯುತ್ತದೆ, ಸಂಜೆಯೊಳಗೆ ಕಳ್ಳಿನ ವಾಸನೆ. ನಮ್ಮೂರಲ್ಲಿ ಎಲ್ಲರಿಗೂ ಬೇಕಾದದ್ದು ಬೀಜ ಮಾತ್ರ. ಹಣ್ಣು ಹೆಕ್ಕಿದ ಕೂಡಲೇ ಬೀಜ ತಿರುಪಿ ಬುಟ್ಟಿಗೆ ಹಾಕಿ ಹಣ್ಣನ್ನು ಮರದ ಬುಡಕ್ಕೆ ಎಸೆಯುವುದು ಅಜ್ಜನ ಕಾಲದ ರೂಢಿ. ನಮ್ಮ ತೋಟದ ಹೆಂಗಸರಿಗೆ ಆ ರೂಢಿ ಬಿಡಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. “ಬೀಜ ಮುಟ್ಬೇಡಿ, ಹಾಂಗೇ ತನ್ನಿ” ಎಂದು ಹೇಳಿ ಹೇಳಿ ನನ್ನ ಗಂಟಲು ಹರಿದಿತ್ತು. ಘಟಕಕ್ಕೆ ಬಂದ ಮೇಲೆ ನೈಲಾನ್ ದಾರ ಸುತ್ತಿ ಎಳೆದು ಬೀಜ ಬಿಡಿಸುತ್ತೇವೆ. ಆಗ ಹಣ್ಣಿನ ತುದಿ ಹರಿಯುವುದಿಲ್ಲ.

ಕಳೆದ ವರ್ಷ ಬೇಕಾದಷ್ಟು ಆಳುಗಳು ಸಿಗಲಿಲ್ಲ. ಧಣಿಗಳು ಮರದ ಕಾಂಡ ಹಿಡಿದು ಅಲುಗಿಸುವ ಯಂತ್ರವೊಂದನ್ನು ತರಿಸಿದರು. ಟ್ರ್ಯಾಕ್ಟರಿಗೆ ಸಿಕ್ಕಿಸಿದ ದೊಡ್ಡ ಇಕ್ಕುಳ, ಅಷ್ಟೇ. ಆದರೆ ಗೇರು ಮರದಲ್ಲಿ ಹಣ್ಣು, ದೋರೆಗಾಯಿ, ಎಳೆ ಬೀಜ ಎಲ್ಲ ಒಟ್ಟಿಗೇ ಇರುತ್ತವೆ. ಅಲುಗಿಸಿದರೆ ಬೇಕಾದದ್ದೂ ಬೀಳುತ್ತದೆ, ಬೇಡದ್ದೂ ಬೀಳುತ್ತದೆ. ಅದಕ್ಕೆ ಉಪಾಯ ಹೇಳಲೆಂದೇ ಬಂದವಳು ಕೋಟದಾಕೆ. ಕೋಟ ಪಡುಕರೆಯ ಮೀನುಗಾರರ ಮನೆಯವಳು. ಮದುವೆಯಾಗಿ ನಾಸಿಕಕ್ಕೆ ಹೋಗಿ, ಅಲ್ಲಿ ದ್ರಾಕ್ಷಿ ತೋಟಗಳಲ್ಲಿ ಮೇಲ್ವಿಚಾರಣೆ ಮಾಡಿ, ಈಗ ಗಂಡನೊಂದಿಗೆ ಊರಿಗೆ ಮರಳಿದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳು ಇರಬೇಕು.

“ಎಥೆಫಾನ್ ಹೊಡ್ದ್ರೆ ಸೈ ಅಕ್ಕ,” ಎಂದಳು ನನ್ನ ಕೋಣೆಯ ಬಾಗಿಲಿಗೆ ಒರಗಿ. “ಬಣ್ಣ ತಿರ್ಗುಕೆ ಶುರುವಾದ್ ಹಣ್ಣೆಲ್ಲ ಒಟ್ಟಿಗೇ ಹಣ್ಣಾತ್ತ್. ತೊಟ್ಟ್ ಸಡ್ಲ ಆತ್ತ್. ಮರ ಒಂಚೂರ್ ಅಲ್ಲಾಡ್ಸಿರೆ ಸಾಕ್.”

“ಹಣ್ಣಿನ ಒಳ್ಗ್ ಎಂತ ಆತ್ತ್ ಅಂದೇಳಿ ಗೊತ್ತಿತ್ತಾ ನಿಂಗೆ?” ಎಂದು ಕೇಳಿದೆ.

“ಅದ್ ನಂಗೆಂತ ಗೊತ್ತ್? ಅದ್ಕೇ ಅಲ್ದಾ ನೀವಿಪ್ಪುದ್!” ಎಂದು ನಕ್ಕುಬಿಟ್ಟಳು. ಜಗಳಕ್ಕೆ ಕಾಲು ಕೆರೆದು ನಿಂತವಳಿಗೆ ಎದುರಾಳಿ ನಗುತ್ತ ನಿಂತರೆ ಎಷ್ಟು ಮೈ ಉರಿಯುತ್ತದೆ ಗೊತ್ತೇ?

ಆ ಔಷಧಿಯಲ್ಲಿ ವಿಷ-ಗಿಷ ಏನೋ ಇದೆ ಎಂದು ಧಣಿಗಳ ಕಿವಿಗೆ ಹಾಕಲು ಮನಸ್ಸಾಯಿತು. ಹಾಕಲಿಲ್ಲ, ಯಾಕೆಂದರೆ ಅದರ ಕೆಲಸ ನನಗೆ ಗೊತ್ತಿತ್ತು. ಮಾಗುವಾಗ ಹಣ್ಣು ತಾನೇ ಒಂದು ಅನಿಲ ಬಿಡುತ್ತದೆ. ಈ ಔಷಧಿ ಹಣ್ಣಿನೊಳಗೆ ಹೋಗಿ ಒಡೆದು ಅದೇ ಅನಿಲವಾಗುತ್ತದೆ. ಹೇಳಿದ ಅಳತೆ ಮೀರದೆ, ಹೊಡೆದ ಮೇಲೆ ಬಿಡಬೇಕಾದಷ್ಟು ದಿನ ಬಿಟ್ಟರೆ ಹೆದರುವಂಥದ್ದಿಲ್ಲ. ಆದರೆ ಬಣ್ಣ ಬಂದ ಮಾತ್ರಕ್ಕೆ ರುಚಿ ಬಂತು ಎಂದಲ್ಲ. ಹೊರಗೆ ಕೆಂಪಾಗಿ ಒಳಗೆ ಸಪ್ಪೆ ಇರುವ ಹಣ್ಣು ನಾನು ಬೇಕಾದಷ್ಟು ಕಂಡಿದ್ದೇನೆ. ಅದನ್ನೇ ಹೇಳಿದೆ.

ಧಣಿಗಳು ತಲೆ ತುರಿಸಿಕೊಂಡರು. “ಹಾಂಗಾರೆ ಒಂದ್ ಕೆಲ್ಸ ಮಾಡ್ವ. ಗುಡ್ಡಿಯ ಒಂದ್ ಬದಿ ಮೇಡಂ ಹೇಳ್ದಾಂಗೆ ಕೈಯಾಗ್ ಕೊಯ್ವುದ್. ಇನ್ನೊಂದ್ ಬದಿ ಮದ್ದ್ ಹೊಡ್ದ್ ಮಿಷನಂಗೆ. ಎರಡ್ರ ರಸವನ್ನೂ ಮೇಡಮ್ಮೇ ಪರೀಕ್ಷೆ ಮಾಡ್ಲಿ. ಯಾರ ಹಣ್ಣ್ ಒಳ್ಳೇದೋ, ಮುಂದಿನ ವರ್ಷದಿಂದ ಕೊಯ್ಲಿನ ದಿನ ಅವ್ರೇ ಹೇಳುದ್. ಆತ್ತಾ?”

“ಆತ್ತ್ ಆತ್ತ್” ಎಂದಳು ಕೋಟದಾಕೆ. ನಾನೂ ಹೂಂ ಎಂದು ತಲೆಯಾಡಿಸಿದೆ.

ಮೊದಲ ಸಲ ಹೊಡೆದದ್ದು ಏನೂ ಆಗಲಿಲ್ಲ. ಬಿಸಿಲು ಇಳಿದ ಮೇಲೆ, ಎಲೆ ಉದುರಬಾರದೆಂದು ತೆಳ್ಳಗೆ ಬೆರೆಸಿ, ಅವಳು ಸ್ವತಃ ನಿಂತು ಹೊಡೆಸಿದ್ದಳಂತೆ. ಕಾದದ್ದೇ ಬಂತು. ಹಣ್ಣು ತನ್ನ ಪಾಡಿಗೆ ತಾನು, ಒಂದು ಹಸಿರು, ಒಂದು ಹಳದಿ. ಯಂತ್ರ ತಂದು ಮರ ಅಲುಗಿಸಿದರೆ ಎಳೆಯದೇ ಅರ್ಧ ಬಿತ್ತು. ಸುದ್ದಿ ಘಟಕಕ್ಕೆ ಬಂದಾಗ ನಾನು ಚಹಾ ಕುಡಿಯುತ್ತಿದ್ದೆ. ಆ ದಿನದ ಚಹಾದಷ್ಟು ರುಚಿಯ ಚಹಾ ನಾನು ಮತ್ತೆ ಕುಡಿದಿಲ್ಲ.

ಮರುದಿನ ಅವಳು ಬಂದಳು. “ಅಕ್ಕ, ನಿಮ್ ಹತ್ರ ಆ ಬಣ್ಣ ತಿರ್ಗು ಕಾಗ್ದ ಇತ್ತಲೆ, ಎರಡ್ ಕೊಡ್ತ್ರಿಯಾ?”

ಹುಳಿ-ಕ್ಷಾರ ನೋಡುವ ಕಾಗದ. ಮುಗಿದುಹೋಗಿದೆ ಎನ್ನಲು ಬಾಯಿ ತೆರೆದೆ. ಡಬ್ಬಿ ಅವಳ ಕಣ್ಣೆದುರಿಗೇ ಇತ್ತು. ಕೊಟ್ಟೆ. ಬಾವಿಯ ನೀರಲ್ಲಿ ಅದ್ದಿದರೆ ಕಾಗದದಲ್ಲಿ ಏನೂ ವಿಶೇಷವಿಲ್ಲ. ಔಷಧಿ ಬೆರೆಸಿದ ಡ್ರಮ್ಮಿನ ತಳದಲ್ಲಿ ಉಳಿದ ನೀರಿಗೆ ಅದ್ದಿದರೆ ನೀಲಿ, ಅಂದರೆ ಕ್ಷಾರ. ಆ ಡ್ರಮ್ಮಿನಲ್ಲಿ ಮಳೆಗಾಲವಿಡೀ ಕಾಳುಮೆಣಸಿನ ಬಳ್ಳಿಗೆ ಮೈಲುತುತ್ತ ಸುಣ್ಣ ಕಲಸುತ್ತಿದ್ದರು. ಡ್ರಮ್ಮಿನ ಒಳಮೈಗೆ ಸುಣ್ಣ ಗಟ್ಟಿಯಾಗಿ ಹಿಡಿದಿತ್ತು. ಸುಣ್ಣ ತಾಗಿದರೆ ಈ ಔಷಧಿ ಅಲ್ಲೇ ಒಡೆದು ಅನಿಲವೆಲ್ಲ ಹಾರಿಹೋಗುತ್ತದೆ. ಮರಕ್ಕೆ ಸಿಕ್ಕಿದ್ದು ನೀರು.

“ಹಣ್ಣಿನ ಬದ್ಲಿಗೆ ಡ್ರಮ್ಮೇ ಹಣ್ಣಾಯ್ತ್ ಮಾರಾಯ್ರೆ!” ಎಂದು ಅವಳು ಎಲ್ಲರೆದುರು ತಲೆ ಚಚ್ಚಿಕೊಂಡು ನಕ್ಕಳು. ಕೊಯ್ಲಿನ ಹೆಂಗಸರೂ ಬಿದ್ದುಬಿದ್ದು ನಕ್ಕರು. ಧಣಿಗಳೂ ನಕ್ಕರು. ತಪ್ಪು ಮಾಡಿಯೂ ಒಬ್ಬಳು ಜನರಿಗೆ ಹೀಗೆ ಬೇಕಾಗುವುದಾದರೆ, ಇಷ್ಟು ವರ್ಷ ಒಂದು ತಪ್ಪೂ ಆಗದಂತೆ ಮೈಯೆಲ್ಲ ಕಣ್ಣಾಗಿ ದುಡಿದ ನಾನು ಯಾವ ಸೀಮೆ ಬುದ್ಧಿವಂತೆ?

ಎರಡನೆಯ ಸಲ ಹೊಸ ಡ್ರಮ್ ತಂದರು. ಅವಳ ಅಣ್ಣಂದಿರು ಹಳೆಯ ಮೀನು ಬಲೆ ತಂದು ಮರದ ಸುತ್ತ ನೆಲದಿಂದ ಎತ್ತರಕ್ಕೆ ಕಟ್ಟಿಕೊಟ್ಟರು. ಬಲೆಯ ಗಂಟು ಒತ್ತಿ ಹಣ್ಣಿಗೆ ಗಾಯವಾಗದಂತೆ ಮೇಲೆ ತಾಡಪಾಲು ಹಾಸಿದರು. ಔಷಧಿ ಈ ಸಲ ಹಿಡಿಯಿತು. ನೋಡಲು ಹೋದವರೆಲ್ಲ ಬಂದು ಅದನ್ನೇ ಹೇಳಿದರು: ಮರವಿಡೀ ಒಂದೇ ಬಣ್ಣ, ಇಕ್ಕುಳ ಹಿಡಿದದ್ದೇ ತಡ ಹಣ್ಣು ದಬದಬ. ನಾನು ಹೋಗಲಿಲ್ಲ. ಕೆಲಸ ಇದೆ ಎಂದೆ. ಕೆಲಸ ಏನೂ ಇರಲಿಲ್ಲ.

ಮಧ್ಯಾಹ್ನ ಕಳೆದು ಎರಡೂ ಬದಿಯ ಹಣ್ಣು ಬಂತು. ನಾನು ಕೋಣೆಯಿಂದ ಹೊರಬರುವಷ್ಟರಲ್ಲಿ ಹಣ್ಣು ತೊಳೆಯುವ ಎರಡು ಬೇರೆ ಬೇರೆ ತೊಟ್ಟಿಗಳಿಗೆ ಹೋಗಿಯಾಗಿತ್ತು. ಎರಡು ಬದಿಯದ್ದನ್ನೂ ಬೇರೆ ಬೇರೆ ಹಿಂಡಿಸಿ ಲೋಟದಲ್ಲಿ ತರಿಸಿಕೊಂಡೆ. ಸಕ್ಕರೆ ನೋಡುವ ದುರ್ಬೀನಿನಂಥ ಕೊಳವೆಗೆ ಒಂದೊಂದು ಹನಿ ಹಾಕಿ ಬೆಳಕಿಗೆ ಹಿಡಿದೆ. ಯಂತ್ರದ ಹಣ್ಣಿನಲ್ಲಿ ಸಕ್ಕರೆ ಕಡಿಮೆ. ಬಣ್ಣ ತೋರಿಸುವ ದ್ರಾವಣ ಬೆರೆಸಿ, ಕಾಸ್ಟಿಕ್ ಸೋಡಾ ಹನಿಸಿ ಹುಳಿ ನೋಡಿದೆ. ಗುಲಾಬಿ ಬಣ್ಣ ಬರಲು ತುಂಬ ಸೋಡಾ ಬೇಕಾಯಿತು, ಅಂದರೆ ಹುಳಿ ಜಾಸ್ತಿ. ಮೂಗಿಗೆ ಹಿಡಿದರೆ ಕಳ್ಳಂಗಡಿ. ಹಾಗೇ ಕುಣಿಯಬೇಕು ಅನ್ನಿಸಿತು.

ಕೊನೆಯದು ಚೊಗರಿನ ಪರೀಕ್ಷೆ. ನಾವು ರಸಕ್ಕೆ ಸಾಬಕ್ಕಿ ಗಂಜಿಯ ತಿಳಿ ಹಾಕಿ ಇಡುತ್ತೇವೆ. ಚೊಗರು ಅದಕ್ಕೆ ಅಂಟಿ ತಳಕ್ಕೆ ಕೂರುತ್ತದೆ. ರಸ ತಿಳಿಯಾಗಲು ಎಷ್ಟು ಗಂಜಿ ಬೇಕು ಎನ್ನುವುದರ ಮೇಲೆ ಚೊಗರು ಎಷ್ಟಿತ್ತು ಎಂದು ಅಂದಾಜು ಮಾಡಬಹುದು. ನನ್ನ ಬದಿಯ ಹಣ್ಣಿಗೆ ಯಾವಾಗಲೂ ಬೇಕಾಗುವಷ್ಟೇ ಬೇಕಾಯಿತು. ಯಂತ್ರದ ಹಣ್ಣಿಗೆ ಅದರ ಅರ್ಧವೂ ಬೇಕಾಗಲಿಲ್ಲ.

ಇದು ನನಗೆ ಸರಿ ಬರಲಿಲ್ಲ. ಚೊಗರು ಇಳಿದಿದೆ ಎಂದರೆ ಹಣ್ಣು ಚೆನ್ನಾಗಿ ಮಾಗಿದೆ. ಚೆನ್ನಾಗಿ ಮಾಗಿದ ಹಣ್ಣಿನಲ್ಲಿ ಹುಳಿ ಹೇಗೆ ಏರಿತು, ಸಕ್ಕರೆ ಎಲ್ಲಿಗೆ ಹೋಯಿತು? ಔಷಧಿ ಹಣ್ಣನ್ನು ಕೆಡಿಸಿದ್ದರೆ ಮೂರೂ ಒಟ್ಟಿಗೇ ಕೆಡಬೇಕಿತ್ತು. ತಲೆ ಬಿಸಿಯಾಗಿ ಯಂತ್ರದ ಹಣ್ಣಿನ ತೊಟ್ಟಿಯ ಹತ್ತಿರ ಹೋಗಿ ಒಂದು ಹಣ್ಣು ಎತ್ತಿ ತಿರುಗಿಸಿದೆ. ತುದಿ ಹರಿದಿತ್ತು. ಇನ್ನೊಂದು ಎತ್ತಿದೆ, ಅದೂ ಹರಿದಿತ್ತು. ಬದಿಯಲ್ಲಿ ಗೋಣಿಚೀಲದಲ್ಲಿ ಬೀಜ ಬೇರೆಯೇ ಬಂದು ಕೂತಿತ್ತು.

ಯಂತ್ರದ ಬದಿಗೆ ಕೆಲಸಕ್ಕೆ ಕರೆದದ್ದು ನನ್ನ ಹೆಂಗಸರನ್ನಲ್ಲ, ಹೊಸಬರನ್ನು. ಹಣ್ಣು ಬಲೆಗೆ ಬಿದ್ದ ಕೂಡಲೇ ಅವರು ಅಜ್ಜನ ಕಾಲದ ರೂಢಿಯಂತೆ ಬೀಜ ತಿರುಪಿ ತೆಗೆದಿದ್ದರು. ಯಾರೂ ಬೇಡ ಎಂದಿರಲಿಲ್ಲ, ಕೋಟದಾಕೆಗೆ ಅದು ಹೇಳಬೇಕಾದ ವಿಷಯ ಎಂದೇ ಗೊತ್ತಿರಲಿಲ್ಲ. ಹರಿದ ತುದಿಯಿಂದ ರಸ ಸೋರುತ್ತ ಹಣ್ಣು ಬಿಸಿಲಲ್ಲಿ ಕೂತು ಹುದುಗಿ, ಸಕ್ಕರೆ ಕಳೆದುಕೊಂಡಿತ್ತು. ಅದಕ್ಕೇ ಹುಳಿ, ಅದಕ್ಕೇ ಕಳ್ಳಿನ ವಾಸನೆ. ಔಷಧಿಯದ್ದಾಗಲಿ ಯಂತ್ರದ್ದಾಗಲಿ ಇದರಲ್ಲಿ ಏನೂ ಇರಲಿಲ್ಲ.

ಅಷ್ಟರಲ್ಲಿ ಧಣಿಗಳು ಬಂದರು. ಹಿಂದೆಯೇ ಅವಳು. ಧಣಿಗಳು ಲೋಟ ಮೂಸಿ ಮುಖ ಕಿವುಚಿದರು. “ಥೋ! ಹುಳಿ ಬಂತಲೆ ಮೇಡಂ? ಹಾಂಗಾರೆ ಈ ಮದ್ದ್ ನಮ್ಗ್ ಆಪ್ಪುದಲ್ಲ ಬಿಡಿ. ಮಗಾ, ನೀ ಬೇಜಾರ್ ಮಾಡ್ಕಣ್ಬೇಡ.”

ಮೊದಲ ಬಾರಿ ಅವಳ ಮುಖದಲ್ಲಿ ನಗು ಇರಲಿಲ್ಲ. ನನ್ನ ಕಡೆ ನೋಡಿದಳು. ಹರಿದ ಹಣ್ಣು ಇನ್ನೂ ನನ್ನ ಕೈಯಲ್ಲೇ ಇತ್ತು.

ನಾನು ಬಾಯಿ ಮುಚ್ಚಿ ನಿಂತರೆ ಸಾಕಿತ್ತು. ಮುಂದಿನ ವರ್ಷವೂ ಅದರ ಮುಂದಿನ ವರ್ಷವೂ ಕೊಯ್ಲಿನ ದಿನ ಹೇಳುವುದು ನಾನೇ. ಆದರೆ ಹೇಳಿಬಿಟ್ಟೆ. ದೊಡ್ಡ ಮನಸ್ಸಿನಿಂದ ಹೇಳಿದೆ ಎಂದು ಯಾರೂ ತಿಳಿಯಬೇಡಿ. ಅವಳು ಸೋಲಬೇಕು, ಅದರಲ್ಲಿ ಎರಡು ಮಾತಿಲ್ಲ, ಆದರೆ ನನ್ನ ಹಣ್ಣಿನೆದುರು ಸೋಲಬೇಕು. ಯಾರೋ ಬೀಜ ತಿರುಪಿದ್ದಕ್ಕೆ ಅವಳು ಸೋತರೆ ನಾನು ಗೆದ್ದದ್ದಾದರೂ ಏನನ್ನು? ನಾಳೆ ಯಾರಾದರೂ ಇದನ್ನು ಕಂಡುಹಿಡಿದರೆ, ಅವಳೇ ಕಂಡುಹಿಡಿದರೆ, ನನ್ನ ಮಾನವೂ ಹೋಯಿತು, ಅವಳಿಗೆ ಇನ್ನೊಂದು ಮೆಚ್ಚುಗೆಯೂ ಸಿಕ್ಕಿತು. ಅದನ್ನು ನೆನೆಸಿಕೊಂಡೇ ಹೊಟ್ಟೆ ಉರಿಯಿತು.

“ಧಣಿಗಳೆ, ಈ ಲೆಕ್ಕ ಆತ್ತಿಲ್ಲೆ,” ಎಂದೆ. “ಇದ್ ಮದ್ದಿನ ಹುಳಿ ಅಲ್ಲ, ಬೀಜ ತಿರ್ಪಿದ್ದರ ಹುಳಿ. ಇನ್ನೊಂದ್ ಸಲ ಕೊಯ್ಕ್. ಈ ಸಲ ಬಲೆ ಬದಿಯಂಗೆ ನಾನೇ ನಿಂತ್ಕಂತೆ.”

ಧಣಿಗಳು ನನ್ನನ್ನೇ ನೋಡಿದರು. ಅವಳು ಹತ್ತಿರ ಬಂದು ನನ್ನ ಕೈಯಿಂದ ಹಣ್ಣು ತೆಗೆದುಕೊಂಡು ತುದಿ ನೋಡಿ, “ಅಯ್ಯೋ ದೇವ್ರೆ!” ಎಂದಳು. ಮತ್ತೆ ನಕ್ಕಳು. ನನಗೆ ಅಳು ಬರುವಂತಾಯಿತು.

ಮೂರನೆಯ ಸಲ ಔಷಧಿ ಹೊಡೆದು ಕೊಯ್ಯುವ ದಿನ ನಾನೂ ಗುಡ್ಡ ಹತ್ತಿದೆ. ಗೇರು ಸೊಪ್ಪಿನ ಕಾವು, ಕಾಲಡಿ ಕಾದ ಮುರಕಲ್ಲು. ಟ್ರ್ಯಾಕ್ಟರ್ ಬಂದು ಇಕ್ಕುಳ ಕಾಂಡವನ್ನು ತಬ್ಬಿತು. ಚಳಿಜ್ವರ ಬಂದವರಂತೆ ಮರ ಒಮ್ಮೆ ನಡುಗಿತು. ಬಲೆ ತುಂಬ ಹಣ್ಣು. ಎಳೆಯವು ಹೆಚ್ಚಿನವು ಕೊಂಬೆಯಲ್ಲೇ ಉಳಿದವು. ಚೆಂದವಿತ್ತು, ಏನು ಮಾಡಲಿ, ಚೆಂದವೇ ಇತ್ತು. ಆ ಸಿಟ್ಟನ್ನೆಲ್ಲ ಹೆಕ್ಕುವವರ ಮೇಲೆ ತೀರಿಸಿಕೊಂಡೆ.

“ಹ್ವಾಯ್! ತಿರ್ಪ್ಬೇಡಿ ಅಂದೆ ಅಲ್ದಾ? ಹಾಂಗೇ ಬುಟ್ಟಿಗ್ ಹಾಕಿ!”

“ಕೈ ಹೇಳ್ದಾಂಗ್ ಕೇಂತಿಲ್ಲೆ ಅಮ್ಮ, ತನ್ನಷ್ಟಕ್ಕೆ ತಿರ್ಗತ್ತ್,” ಎಂದಳು ಒಬ್ಬಳು ಮುದುಕಿ, ನಾಚಿಕೊಂಡು. ಕೋಟದಾಕೆ ಅವಳ ಪಕ್ಕ ಕೂತು, “ಹಾಂಗಾರೆ ನಿಮ್ ಕೈ ನಾ ಹಿಡ್ಕಂತೆ” ಎಂದು ನಿಜವಾಗಿಯೂ ಅವಳ ಒಂದು ಕೈ ಹಿಡಿದುಕೊಂಡಳು. ನಾನು ಗಂಟಲು ಹರಿದುಕೊಂಡು ವರ್ಷಗಟ್ಟಲೆ ಮಾಡಿಸಿದ ಕೆಲಸವನ್ನು ಅವಳು ಅರ್ಧ ಬೆಳಗಿನಲ್ಲಿ, ನಗಿಸುತ್ತ, ಮಾಡಿಸಿದಳು.

ರಸ ಹಿಂಡಿದೆ. ಸಕ್ಕರೆ ಎರಡೂ ಬದಿಯದ್ದು ಸಮ. ಹುಳಿ ಯಂತ್ರದ ಹಣ್ಣಿನಲ್ಲಿ ತುಸು ಕಡಿಮೆ, ಚೊಗರು ತುಂಬ ಕಡಿಮೆ. ಸಿ ಜೀವಸತ್ವ ಮಾತ್ರ ನನ್ನ ಹಣ್ಣಿನಲ್ಲಿ ಸ್ವಲ್ಪ ಜಾಸ್ತಿ, ಹಣ್ಣೂ ಸ್ವಲ್ಪ ಗಟ್ಟಿ. ಆ ‘ಸ್ವಲ್ಪ’ವನ್ನು ಹಿಡಿದುಕೊಂಡು ಎಷ್ಟು ಹೊತ್ತು ಕೂರುವುದು? ಶರಬತ್ತು ಕುಡಿಯುವವರು ಚೊಗರಿಲ್ಲದ್ದನ್ನೇ ಕೇಳುತ್ತಾರೆ.

ಆದರೂ ಬಿಡಲಿಲ್ಲ. ಅವಳ ಬೀಜದ ಮೂಟೆಗಳನ್ನು ಬಿಚ್ಚಿಸಿದೆ. ಒಂದು ಬಕೆಟ್ ನೀರಿಗೆ ಬೊಗಸೆಗಟ್ಟಲೆ ಸುರಿದೆ. ಬಲಿತ ಬೀಜ ಮುಳುಗುತ್ತದೆ, ಜೊಳ್ಳು ತೇಲುತ್ತದೆ. ತೇಲಿದವು! ಎಲ್ಲವೂ ಅಲ್ಲ, ಆದರೆ ನನ್ನ ಬದಿಯ ಬೀಜಕ್ಕಿಂತ ಎಷ್ಟೋ ಹೆಚ್ಚು. ತೇಲಿದ್ದನ್ನು ಒಡೆದು ನೋಡಿದರೆ ಒಳಗೆ ತಿರುಳು ಸುಕ್ಕು. ಔಷಧಿ ಹಣ್ಣನ್ನು ಅವಸರದಿಂದ ಮಾಗಿಸಿತ್ತು, ಬೀಜಕ್ಕೆ ಬಲಿಯಲು ಪುರುಸೊತ್ತು ಕೊಟ್ಟಿರಲಿಲ್ಲ. ಯಾವ ಮೂಟೆ ಯಾವ ಮರಗಳದ್ದು ಎಂದು ವಿಚಾರಿಸಿದರೆ, ಬೀಜದ ಸಿಪ್ಪೆ ಹಸಿರಿದ್ದಾಗಲೇ ಹೊಡೆದ ಮರಗಳದ್ದು ಹೀಗಾಗಿತ್ತು. ಬೂದು ಬಣ್ಣಕ್ಕೆ ತಿರುಗಿದ ಮೇಲೆ ಹೊಡೆದದ್ದು ಕಲ್ಲಿನ ಹಾಗೆ ಮುಳುಗಿತ್ತು. ಬಕೆಟನ್ನು ನಾನೇ ಎತ್ತಿಕೊಂಡು ಹೋಗಿ ಅವಳ ಮುಂದೆ ಇಟ್ಟೆ.

“ಕಾಣ್, ಎಂತ ಮಾಡಿದ್ದೆ ಕಾಣ್.”

ಅವಳು ಅಲ್ಲೇ ನೆಲದ ಮೇಲೆ ಕೂತಳು. ಒಂದೊಂದೇ ಬೀಜ ನೀರಿಂದ ಎತ್ತಿ ನೋಡಿದಳು. “ಇದ್ ನಂಗ್ ಹೊಳಿಲೇ ಇಲ್ಲೆ ಅಕ್ಕ. ದ್ರಾಕ್ಷಿಯಂಗೆ ಬೀಜ ಯಾರ್ ಕಾಂತ್ರ್? ನೀವ್ ಇಲ್ದಿದ್ರೆ ಧಣಿಗಳ್ ಬೀಜವೆಲ್ಲ ಜೊಳ್ಳಾತಿತ್ತ್.” ಆಮೇಲೆ ಅಷ್ಟೂ ಜನರೆದುರು ಧಣಿಗಳಿಗೂ ಅದನ್ನೇ ಹೇಳಿದಳು, ಒಂದಕ್ಷರ ತನ್ನ ಕಡೆ ಎಳೆದುಕೊಳ್ಳದೆ. ನಾನು ಇಷ್ಟು ಮಾಡಿ ಅವಳಿಂದ ಬಯಸಿದ್ದು ಇದಲ್ಲ. ಅವಳು ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು.

ಧಣಿಗಳಿಗೆ ತೀರ್ಮಾನ ಸುಲಭವಾಯಿತು. “ಬೀಜ ಬಲಿತಾ ಇಲ್ಯಾ ಅಂದೇಳಿ ಮೇಡಂ ಹೇಳುದ್. ಅದ್ ಹೇಳ್ದ್ ಮೇಲೆ ಮದ್ದ್, ಮಿಷನ್, ಕೊಯ್ಲಿನ ದಿನ ಎಲ್ಲ ಮಗಂದ್. ಹ್ಯಾಂಗಿತ್ತ್?”

ಅವರ ಪ್ರಕಾರ ಇದು ಇಬ್ಬರಿಗೂ ನ್ಯಾಯ. ನನ್ನ ಗಂಡನೂ ಬಾರ್ಕೂರಿನ ತಂಗಿಯೂ ಹಾಗೆಯೇ ಹೇಳಿದರು. ಪೂರ್ತಿ ಸೋತಿದ್ದರೆ ಕೆಲಸ ಬಿಟ್ಟು ಮನೆಯಲ್ಲಿ ಕೂತು ಅವಳನ್ನು ಬೈಯುತ್ತ ಇರಬಹುದಿತ್ತು. ಈಗ ಅದಕ್ಕೂ ದಾರಿಯಿಲ್ಲ.

ಈ ವರ್ಷದ ಕೊಯ್ಲು ಹೀಗೆಯೇ ನಡೆಯಿತು. ಬೀಜ ಬೂದಾಗಿದೆ ಎಂದು ನಾನು ಹೇಳಿದೆ, ಅವಳು ಔಷಧಿ ಹೊಡೆಸಿದಳು. ಬಿಡಬೇಕಾದ ದಿನ ಕಳೆದ ಮೇಲೆ ಮಾದರಿ ಹಣ್ಣು ಕಳಿಸಿ ಸಂಜೆ ಫೋನ್ ಮಾಡಿದಳು.

“ಅಕ್ಕ, ನಾಳೆ ಕೊಯ್ಲ್ ಇಟ್ಕಂಡಿದ್ದೆ. ಕೊಯ್ಲಿನ ದಿನ ನಂದೇ ಅಂದ್ರೂ, ನೀವ್ ಒಂದ್ ಮಾತ್ ಹೇಳ್ದೆ ನಂಗ್ ಧೈರ್ಯ ಬತ್ತಿಲ್ಲೆ. ಹಣ್ಣ್ ಹ್ಯಾಂಗಿತ್ತ್?”

ಪರೀಕ್ಷೆಯೆಲ್ಲ ಆಗಿತ್ತು, ಒಂದರಲ್ಲೂ ಕೊರತೆ ಇರಲಿಲ್ಲ. ಆದರೂ ಒಂದು ಹಣ್ಣು ಕಚ್ಚಿದೆ. ಚೊಗರಿಗಾಗಿ ನಾಲಗೆಯನ್ನು ಅಂಗುಳಕ್ಕೆ ಒತ್ತಿ ಹುಡುಕಿದೆ. ಸಿಕ್ಕಲಿಲ್ಲ. ರಸ ಮೊಣಕೈವರೆಗೆ ಇಳಿಯಿತು.

“ಲಾಯ್ಕಿತ್ತ್,” ಎಂದೆ. “ಕೊಯ್ಯಿ.”

ಅವಳು ಫೋನ್ ಇಡದೆಯೇ ಗುಡ್ಡದ ಕಡೆಗೆ ಕೂಗಿದ್ದು ನನಗೆ ಕೇಳಿಸಿತು: “ಹ್ವಾಯ್! ಅಕ್ಕ ಆತ್ತ್ ಅಂದ್ರ್! ನಾಳೆ ಕೊಯ್ಲ್!”

ಗುಡ್ಡದಿಂದ ಹೆಂಗಸರೆಲ್ಲ ಒಟ್ಟಿಗೆ ಓಗೊಟ್ಟರು. ಎಲ್ಲರೂ ನಾನು ಕೆಲಸ ಕಲಿಸಿದವರೇ, ಒಬ್ಬೊಬ್ಬರ ದನಿಯೂ ನನಗೆ ಗೊತ್ತು. ಓಗೊಟ್ಟದ್ದು ಅವಳ ಹೆಸರು ಹಿಡಿದು. ಅವರ ಕೂಗು ನಿಲ್ಲುವವರೆಗೂ ನಾನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.